ಸಂಶಿಯ ವಖಾರಿಗೆ ಬಂದ ಪರದೇಶಿಗಳು

ಮೆಹರುನಬಿ ಯಾರನ್ನೂ ಸುಲಭಕ್ಕೆ ಮೆಚ್ಚಿದವಳಲ್ಲ. ಒಬ್ಬರ ಮಾತು ಹಿಡಿಸಲಿಲ್ಲವೆಂದರೆ ಮೂಗಿನಿಂದ ‘ಹುಂ’ ಎಂದು ಒಂದು ಉಸಿರು ಬಿಡುತ್ತಿದ್ದಳು. ಆ ಉಸಿರು ಕೇಳಿದ ಮೇಲೂ ಮಾತು ಮುಂದುವರಿಸುವ ಎದೆ ಸಂಶಿಯಲ್ಲಿ ನಾಲ್ಕೈದು ಮಂದಿಗಷ್ಟೇ ಇತ್ತು. ಅವರಲ್ಲಿ ಆಕೆಯ ಗಂಡ ಮಶಾಕಸಾಬ ಒಬ್ಬ. ಹುಬ್ಬಳ್ಳಿ ಪೇಟೆಗೆ ಮೆಣಸಿನಕಾಯಿ ಚೀಲ ಹೇರುತ್ತಿದ್ದ ಚಕ್ಕಡಿಯವ. ಮದುವೆಯಾದ ಹತ್ತನೇ ವರ್ಷ ಜ್ವರ ಬಂದು ಮೂರೇ ದಿನದಲ್ಲಿ ತೀರಿಕೊಂಡ. ಶಲವಡಿಯ ನೇಕಾರರ ಮನೆಯಲ್ಲಿ ಹುಟ್ಟಿ, ಹದಿನಾಲ್ಕಕ್ಕೆ ಸಂಶಿಗೆ ಸೊಸೆಯಾಗಿ ಬಂದವಳು, ಇಪ್ಪತ್ನಾಲ್ಕಕ್ಕೆ ಮಗಳು ಮರಿಯಮಬಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಈರಬಸಪ್ಪ ಸಾವಕಾರರ ವಖಾರಿಗೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋದಳು.

ಹನ್ನೆರಡು ವರ್ಷ ತೊಟ್ಟು ಬಿಡಿಸಿದಳು. ಆಮೇಲೆ ಮುಕಾದಮಳಾದಳು. ಅಂದರೆ ನಲವತ್ತು ಹೆಂಗಸರನ್ನು ಕೆಲಸಕ್ಕೆ ಕರೆಯುವುದು, ಕೂರಿಸುವುದು, ಬೈಯುವುದು, ಬೈಸಿಕೊಂಡವರನ್ನು ಮರುದಿನ ಮತ್ತೆ ಬರುವಂತೆ ಮಾಡುವುದು. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಬೀಜದ ಸಪ್ಪಳದ ಮೇಲೆ ಅದು ಒಣಗಿದೆಯೋ ಇಲ್ಲವೋ ಹೇಳುತ್ತಿದ್ದಳು. ಮನೆಯಲ್ಲಿ ಉರ್ದು, ವಖಾರಿಯಲ್ಲಿ ಕನ್ನಡ, ಸಾಂಗ್ಲಿಯಿಂದ ಬರುವ ಖರೀದಿದಾರರ ಜೊತೆ ಮರಾಠಿ. ಗುಂಟೂರಿನ ಲಾರಿ ಡ್ರೈವರುಗಳಿಗೆ ಬೇಕಾಗುವಷ್ಟು ತೆಲುಗು ಬೈಗುಳವೂ ಬಾಯಲ್ಲಿತ್ತು. ಆ ಎಲ್ಲ ಭಾಷೆಯ ಮಂದಿಯೂ ಒಂದೇ ಎಂಬುದು ಆಕೆಯ ತೀರ್ಮಾನ: ದುಡಿಯುವಾಗ ಕಳ್ಳರು, ಮಾತಾಡುವಾಗ ಶರಣರು.

೧೯೭೮ರ ಜನವರಿಯಲ್ಲಿ, ಸುಗ್ಗಿಯ ಕಾಯಿ ವಖಾರಿಯ ಸೂರು ಮುಟ್ಟಿದ್ದ ಹೊತ್ತಿಗೆ, ಈರಬಸಪ್ಪ ಒಬ್ಬ ಸೂಟಿನವನನ್ನು ಕರೆದುಕೊಂಡು ಬಂದ.

“ಮೆಹರುನಬಿ, ಇವರು ಡಾಕ್ಟರ್ ಕುಬೇರಪ್ಪನವರು. ಮುಂಬೈದಾಗ ದೊಡ್ಡ ಕಾಲೇಜಿನ ಪ್ರೊಫೆಸರು.”

“ಡಾಕ್ಟರಂದ್ರ ನಮ್ಮ ಮಂದಿ ಕೆಮ್ಮಿಗೆ ಏನರ ಕೊಡ್ತಾರೇನ್ರಿ?”

ಕುಬೇರಪ್ಪ ನಕ್ಕ. ಔಷಧದ ಡಾಕ್ಟರಲ್ಲ ತಾನು ಎಂದ. ವ್ಯಾಪಾರ ಕಲಿಯಲು ಬಂದಿರುವ ಒಂಬತ್ತು ಪರದೇಶದ ವಿದ್ಯಾರ್ಥಿಗಳಿದ್ದಾರೆ, ನಾಳೆ ಅವರು ದೊಡ್ಡ ದೊಡ್ಡ ಕಂಪನಿಗಳಲ್ಲಿ ಸಾಹೇಬರಾಗುವವರು, ತಮ್ಮದಲ್ಲದ ದೇಶದ ಜನರಿಂದ ಕೆಲಸ ತೆಗೆಯುವುದು ಹೇಗೆಂದು ತಾನು ಕಲಿಸುತ್ತೇನೆ, ಅದಕ್ಕೆ ಈ ವಖಾರಿಯೇ ಪಾಠಶಾಲೆ ಎಂದ. ಒಟ್ಟು ಮೂರು ವಾರ. ತಾನೂ ಇದೇ ಜಿಲ್ಲೆಯವನೇ, ಕಲಘಟಗಿ ತಾಲೂಕಿನ ತಂಬೂರಿನವನು ಎಂದು ಕೊನೆಗೆ ಸೇರಿಸಿದ. ‘ಟ್ಯಾಂಬೂರ್’ ಎಂದು ಹೇಳಿದ.

ಹುಂ, ಎಂದಳು ಮೆಹರುನಬಿ. ಹುಟ್ಟಿದ ಊರಿನ ಹೆಸರು ಬಾಯಲ್ಲಿ ನಿಲ್ಲದವನು ಬೇರೆಯವರ ಊರನ್ನು ಕಲಿಸಲು ಹೊರಟಿದ್ದಾನೆ.

ಮರುದಿನ ಹುಬ್ಬಳ್ಳಿಯಿಂದ ಮೆಟಡಾರ್ ಗಾಡಿಯಲ್ಲಿ ಒಂಬತ್ತು ಜನ ಬಂದಿಳಿದರು. ಏಳು ಗಂಡು, ಎರಡು ಹೆಣ್ಣು, ಐದು ದೇಶದವರಂತೆ. ನಮ್ಮ ಕಡೆ ದಿಕ್ಕಿಲ್ಲದವನಿಗೂ ಪರದೇಶಿ ಎನ್ನುತ್ತಾರೆ. ಬಾಗಿಲಲ್ಲಿ ನಿಂತು ಸೀನುತ್ತಿದ್ದ ಅವರನ್ನು ನೋಡಿದ ಹೆಂಗಸರಿಗೆ ಆ ಅರ್ಥವೇ ಸರಿಯೆನಿಸಿತು. ಕುಬೇರಪ್ಪ ಅಂಗಳದಲ್ಲಿ ಕರಿಹಲಗೆ ನಿಲ್ಲಿಸಿ, ನಡುವೆ ಒಂದು ಗೀಟು ಎಳೆದು, ಎರಡೂ ಬದಿಗೆ ಇಂಗ್ಲಿಷಿನಲ್ಲಿ ಬರೆದು ಒಂದು ತಾಸು ಮಾತಾಡಿದ. ನಡುನಡುವೆ ಮೆಹರುನಬಿಯ ಕಡೆ ಕೈ ತೋರಿಸುತ್ತಿದ್ದ. ಸಂತೆಯಲ್ಲಿ ಎಮ್ಮೆ ತೋರಿಸಿದಂತೆ.

“ಏನ ಹೇಳಿದ್ರಿ ನನ್ನ ಸುದ್ದಿ?” ಎಂದು ಆಕೆ ಕೇಳಿದಳು.

“ನಮ್ಮ ಹಳ್ಳಿ ಹೆಣ್ಣುಮಕ್ಕಳು ಭಾಳ ಸಂಕೋಚದವರು, ಹಿರಿಯರಿಗೆ ಎದುರಾಡೂದಿಲ್ಲ, ಬಾಯಿ ಬಿಟ್ಟು ‘ಇಲ್ಲ’ ಅನ್ನೂದಿಲ್ಲ, ಅದನ್ನ ಮುಖಾ ನೋಡಿ ತಿಳಕೋಬೇಕು ಅಂತ ಹೇಳಿದೆ. ಬರೋಬ್ಬರಿ ಐತಿಲ್ಲ?”

“ಇಲ್ಲ,” ಎಂದಳು ಮೆಹರುನಬಿ.

ಹಿಂದೆ ಕೂತಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಕುಬೇರಪ್ಪ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಲಿಲ್ಲ.

ಅವನು ತಿರುಗಿಸದೆ ಬಿಟ್ಟದ್ದು ಅದೊಂದೇ ಅಲ್ಲ. ಕೈಗೆ ಔಡಲ ಎಣ್ಣೆ ಹಚ್ಚಿಕೊಳ್ಳದೆ ಕಾಯಿ ಮುಟ್ಟಬಾರದು, ಮುಟ್ಟಿದ ಕೈ ಕಣ್ಣಿಗೆ ಒಯ್ಯಬಾರದು ಎಂದು ಮೆಹರುನಬಿ ಮೊದಲೇ ಹೇಳಿದ್ದಳು. ಅವರೇ ಕಂಡುಕೊಳ್ಳಲಿ, ಅನುಭವದಿಂದ ಕಲಿಯುವುದೇ ಈಗಿನ ಪದ್ಧತಿ ಎಂದ ಕುಬೇರಪ್ಪ. ಮೊದಲ ದಿನವೇ ಒಬ್ಬ ಹುಡುಗಿ ಕಣ್ಣುಜ್ಜಿಕೊಂಡು ನೆಲಕ್ಕೆ ಕುಸಿದಳು. ಮೆಹರುನಬಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣಿಗೆ ತಣ್ಣನೆಯ ಹಾಲಿನ ಬಟ್ಟೆ ಒತ್ತುತ್ತಿದ್ದರೆ, ಪ್ರೊಫೆಸರು ಪಕ್ಕದಲ್ಲಿ ನಿಂತು ಉಳಿದವರಿಗೆ ಇದರ ಮೇಲೂ ಏನೋ ಪಾಠ ಹೇಳುತ್ತಿದ್ದ. ಎಂಟು ಮಂದಿ ಬರೆದುಕೊಳ್ಳುತ್ತಿದ್ದರು. ಮೆಹರುನಬಿಗೆ ಆ ಎಂಟೂ ಪುಸ್ತಕ ಕಿತ್ತುಕೊಂಡು ಒಲೆಗೆ ಹಾಕಬೇಕೆನಿಸಿತು.

ಪರವಾಗಿಲ್ಲ ಎನಿಸಿದವನು ಒಬ್ಬನೇ, ಜಪಾನಿನವನು. ಅವನು ಯಾರನ್ನೂ ಏನೂ ಕೇಳಲಿಲ್ಲ. ಹೆಂಗಸರು ಎಣ್ಣೆ ಹಚ್ಚಿಕೊಳ್ಳುವುದನ್ನು ನೋಡಿ ತಾನೂ ಹಚ್ಚಿಕೊಂಡ, ಮಣೆಯ ಮೇಲೆ ಕೂತ, ಸಂಜೆಯವರೆಗೆ ತೊಟ್ಟು ಬಿಡಿಸಿದ. ಹೋಗುವಾಗ ಬಾಗಿ ನಮಸ್ಕಾರ ಮಾಡಿದ. ಉಳಿದವರ ಬಗ್ಗೆ ಆಕೆ ಮಗಳಿಗೆ ಹೇಳಿದ್ದು ಇಷ್ಟೇ: ಎತ್ತರಕ್ಕೆ ಬೆಳೆದಾವೆ, ಒಳಗೆ ಬೀಜ ಕಟ್ಟಿಲ್ಲ.

ಎರಡನೆಯ ವಾರ ಪಾಠದ ಮುಖ್ಯ ಭಾಗ ಬಂತು. ದಿನಕ್ಕೆ ಇಬ್ಬರಂತೆ ವಿದ್ಯಾರ್ಥಿಗಳೇ ವಖಾರಿ ನಡೆಸಬೇಕು, ಮುಕಾದಮಳು ಬಾಜೂಕೆ ಸರಿಯಬೇಕು. ಬುಧವಾರ ಹಾಲೆಂಡಿನ ಯಾನ್ ಎಂಬವನ ಸರದಿ. ಬಿದಿರಿನಂಥ ಆಳು, ಬಿಸಿಲಿಗೆ ಮುಖ ಹಣ್ಣುಮೆಣಸಿನಕಾಯಿಯಾಗಿತ್ತು. ಕೆಟ್ಟವನಲ್ಲ. ಎಲ್ಲವನ್ನೂ ಸುಧಾರಿಸುವ ಆತುರ ಅವನಿಗೆ.

ಆ ವಖಾರಿಯಲ್ಲಿ ಯಾರು ಎಲ್ಲಿ ಕೂರಬೇಕೆಂಬುದನ್ನು ಹನ್ನೊಂದು ವರ್ಷದ ಕೆಳಗೆ ಮೆಹರುನಬಿಯೇ ಗೊತ್ತು ಮಾಡಿದ್ದಳು. ಗಾಳಿ ಬರುವ ಮುಂಬಾಗಿಲಿನ ಹತ್ತಿರ ಒಕ್ಕಲುತನದ ಮನೆಗಳ ಹೆಂಗಸರು. ಅವರಿಗೆ ಕಸ್ತೂರೆವ್ವ ಎಂಬ ಹಿರಿಯಳು ಯಜಮಾನಿ. ನಡುವೆ ಗೋಡೆಗುಂಟ ಮುಸಲರ ಹೆಂಗಸರು. ಹಿಂದೆ, ಚೀಲದ ರಾಶಿಯ ಬುಡದಲ್ಲಿ, ಘಾಟು ಉಸಿರು ಕಟ್ಟಿಸುವ ಮೂಲೆಯಲ್ಲಿ, ಹಳ್ಳದಾಚೆಯ ಓಣಿಯಿಂದ ಬರುವ ಏಳು ಮಂದಿ. ಊರು ಮುಟ್ಟಿಸಿಕೊಳ್ಳದ ಓಣಿ ಅದು. ಅವರಲ್ಲಿ ಮಲ್ಲಕ್ಕನ ಕೈ ಇಡೀ ವಖಾರಿಗೇ ಚುರುಕು. ಕುಡಿಯುವ ನೀರಿಗೆ ಮೂರು ಕಡೆ ಮೂರು ಮಣ್ಣಿನ ಹರವಿ. ಹೀಗೆ ಕೂರಿಸಿದ್ದರಿಂದಲೇ ಹನ್ನೊಂದು ವರ್ಷ ಒಂದು ದಿನವೂ ಕೆಲಸ ನಿಂತಿಲ್ಲ ಎಂಬುದು ಮೆಹರುನಬಿಯ ಹೆಮ್ಮೆ. ಆ ಹರವಿಗಳನ್ನು ನೋಡಿದಾಗಲೂ ಆಕೆಯ ಮೂಗಿನಲ್ಲಿ ಒಂದು ‘ಹುಂ’ ಬರುತ್ತಿತ್ತು. ಮೂರೂ ಒಂದೇ ಬಾವಿಯ ನೀರು. ಆದರೆ ದಡ್ಡರ ಜೊತೆ ದುಡಿಯಬೇಕಾದರೆ ದಡ್ಡತನಕ್ಕೂ ಒಂದು ಜಾಗ ಮಾಡಿಕೊಡಬೇಕು ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

ಬುಧವಾರ ಬೆಳಿಗ್ಗೆ ಚೀಲ ಏರಿಸಲು ಆಕೆ ರೇಲ್ವೆ ಸ್ಟೇಶನ್ನಿಗೆ ಹೋಗಿದ್ದಳು. ಮಧ್ಯಾಹ್ನ ತಿರುಗಿ ಬಂದಾಗ ವಖಾರಿಯಲ್ಲಿ ಕೆಮ್ಮಿನ ಸಪ್ಪಳವೂ ಇಲ್ಲ. ಮೂರು ಹರವಿಗಳನ್ನೂ ಅಂಗಳಕ್ಕೆ ಒಯ್ದು ಬೋರಲು ಹಾಕಿದ್ದರು. ನಟ್ಟನಡುವೆ ತಗಡಿನ ಒಂದು ದೊಡ್ಡ ಡ್ರಮ್ಮು. ಅದರ ಪಕ್ಕ ಮಲ್ಲಕ್ಕ ಕೈಯಲ್ಲಿ ತಂಬಿಗೆ ಹಿಡಿದು, ತಲೆ ತಗ್ಗಿಸಿ ನಿಂತಿದ್ದಳು. ಅವಳ ಆಚೆ ಯಾನ್ ನಗುಮುಖದಿಂದ ಎಲ್ಲರಿಗೂ ಬನ್ನಿ ಬನ್ನಿ ಎಂದು ಕೈ ಬೀಸುತ್ತಿದ್ದ.

ಕಸ್ತೂರೆವ್ವ ಮೊದಲು ಎದ್ದಳು. ಸೀರೆ ಕೊಡವಿಕೊಂಡಳು. ಮೆಹರುನಬಿಯ ಪಕ್ಕದಿಂದಲೇ ಹಾದು ಹೋಗುತ್ತ, “ನೀ ಇಲ್ಲದಾಗ ಹಳ್ಳದಾಚಿನಾಕಿ ನೀರ ಹಾಕಾಕ ನಿಂತಾಳ ನೋಡಬೇ,” ಎಂದಳು. ಅವಳ ಹಿಂದೆ ಇಪ್ಪತ್ತು ಮಂದಿ. ಅವರ ಹಿಂದೆ, ಸ್ವಲ್ಪ ಹೊತ್ತು ಅವರಿವರ ಮುಖ ನೋಡಿಕೊಂಡು, ಮುಸಲರ ಹೆಂಗಸರೂ ಎದ್ದರು. ಕೊನೆಗೆ ಮಲ್ಲಕ್ಕ ತಂಬಿಗೆಯನ್ನು ನೆಲದ ಮೇಲಿಟ್ಟು, ತನ್ನ ಓಣಿಯ ಆರು ಜನರೊಡನೆ ಯಾರ ಕಡೆಗೂ ನೋಡದೆ ಹೊರಟುಹೋದಳು.

ಯಾನ್ ನಿಂತೇ ಇದ್ದ. ತಾನೇನು ಮಾಡಿದೆ ಎಂಬುದು ಅವನಿಗೆ ತಿಳಿದಿರಲಿಲ್ಲ. ಅದು ಅವನ ಮುಖದ ಮೇಲೇ ಇತ್ತು.

ಮೆಹರುನಬಿ ಕುಬೇರಪ್ಪನನ್ನು ವಖಾರಿಯ ಹಿಂದೆ, ನೀರಿನ ಟಾಕಿಯ ಹತ್ತಿರ ಕರೆದಳು.

“ಹರವಿ ಸುದ್ದಿ ಈ ಹುಡುಗರಿಗೆ ಏನಂತ ಹೇಳೀರಿ?”

ಅವನು ಕನ್ನಡಕ ಒರೆಸಿದ. “ಯಾರೋ ಕೇಳಿದ್ರು. ಕುಂತ ಜಾಗಾಕ್ಕ ಹತ್ರ ಆಗಲಿ ಅಂತ ಮೂರು ಕಡೆ ಇಟ್ಟಾರ ಅಂದೆ. ಅನುಕೂಲಕ್ಕಂತ.”

“ಅನುಕೂಲಕ್ಕ.”

“ನೋಡ್ರಿ, ಹೊರಗಿನವರ ಮುಂದ ಅದನ್ನೆಲ್ಲ ಹೆಂಗ ಹೇಳೂದು? ದೇಶದ ಮಾನದ ಪ್ರಶ್ನೆ. ಆ ಹುಡುಗ ಲೆಕ್ಕಾ ಹಾಕಿದ, ಮೂರು ಕಡೆ ಯಾಕ, ನಡುವ ಒಂದಿಟ್ರ ಎದ್ದು ಅಡ್ಯಾಡೂ ಹೊತ್ತು ಉಳಿತೈತಿ ಅಂತ. ಟಾಕಿಗೆ ಹತ್ರ ಕುಂತಾಕಿನ್ನ ನೀರ ತರಾಕ ಹಚ್ಚಿದ. ಅಂವಗೇನ ಗೊತ್ತು?”

“ಅಂವಗ ಗೊತ್ತಿಲ್ಲ, ಖರೆ. ನಿಮಗ ಗೊತ್ತಿತ್ತಲ್ರಿ. ಅಂವ ಡ್ರಮ್ಮು ಉಳ್ಳಿಸಿಕೊಂಡು ಬಂದಾಗ ನೀವೆಲ್ಲಿದ್ದಿರಿ?”

ಅಲ್ಲೇ ಇದ್ದನಂತೆ. ಹೇಳಿದರೆ ಹಿಂದಿನ ಸುಳ್ಳು ಹೊರಬೀಳುತ್ತದೆಂದು ಸುಮ್ಮನಿದ್ದನಂತೆ. ಮೆಹರುನಬಿ ಈ ಸಲ ‘ಹುಂ’ ಎನ್ನಲಿಲ್ಲ. ಒಂದು ಕಡೆ ತಿರುಗಿ ಉಗುಳಿದಳು. ಜೀವಮಾನದಲ್ಲಿ ತೂಕದ ಕಲ್ಲು ಕದ್ದವರನ್ನು, ಒದ್ದೆ ಕಾಯಿ ಒಣಕಾಯಿ ಎಂದು ಮಾರಿದವರನ್ನು ಆಕೆ ಕಂಡಿದ್ದಳು. ಅವರಿಗೆ ತಾವು ಕಳ್ಳರೆಂಬುದಾದರೂ ಗೊತ್ತಿತ್ತು. ಇವನು ಸುಳ್ಳನ್ನು ಹಲಗೆಯ ಮೇಲೆ ಬರೆದು ದೇಶದ ಮಾನ ಎನ್ನುತ್ತಾನೆ.

ಮರುದಿನ ಒಬ್ಬಳೂ ಬರಲಿಲ್ಲ. ನಾಲ್ಕು ದಿನಕ್ಕೆ ಸಾಂಗ್ಲಿಯ ಲಾರಿ ಬರುವುದಿತ್ತು. ಈರಬಸಪ್ಪ ಅಂಗಳದಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದ. ಅದಕ್ಕಿಂತ ಕೆಟ್ಟ ಸುದ್ದಿಯೂ ಬಂತು. ಮಲ್ಲಕ್ಕ ಬೇಕಂತಲೇ ತಂಬಿಗೆ ಹಿಡಿದಳು, ಇನ್ನು ಆ ಓಣಿಯವರನ್ನು ಹತ್ತಿ ಬಿಡಿಸಲು ಯಾರೂ ಕರೆಯಬಾರದು ಎಂದು ಕಸ್ತೂರೆವ್ವನ ಮಗ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದನಂತೆ.

ಮೆಹರುನಬಿ ಕುಬೇರಪ್ಪನನ್ನೂ ಯಾನ್‌ನನ್ನೂ ಎದುರಿಗೆ ಕೂರಿಸಿಕೊಂಡಳು. “ಈಗ ನಾನು ಹೇಳಿದ್ದು ಹೇಳಿದಂಗ ತಿರುಗಿಸಿ ಹೇಳ್ರಿ. ಒಂದು ಮಾತು ಬಿಟ್ರೂ ನನಗ ಗೊತ್ತಾಗತೈತಿ,” ಎಂದಳು. ಇಂಗ್ಲಿಷ್ ಒಂದಕ್ಷರ ಬಾರದವಳಿಗೆ ಹೇಗೆ ಗೊತ್ತಾಗುತ್ತದೆಂದು ಕೇಳುವ ಧೈರ್ಯ ಪ್ರೊಫೆಸರಿಗೆ ಬರಲಿಲ್ಲ. ಹೇಳಿದ. ಯಾವ ಹರವಿ ಯಾರದು, ಯಾಕೆ, ತಾನು ಏನು ಸುಳ್ಳು ಹೇಳಿದ್ದೆ, ಎಲ್ಲ. ಯಾನ್‌ನ ಕಿವಿಯವರೆಗೆ ರಕ್ತ ಏರಿತು. ಅವನು ಎದ್ದು ನಿಂತು ದೊಡ್ಡ ದನಿಯಲ್ಲಿ ಏನೋ ಹೇಳತೊಡಗಿದ.

“ಏನಂತ?”

“ಎಲ್ಲಾ ಹೆಂಗಸರನ್ನ ಕೂಡಿಸ್ರಿ, ಮನುಷ್ಯಾರೆಲ್ಲ ಒಂದ ಅಂತ ಭಾಷಣಾ ಮಾಡ್ತೇನಿ ಅಂತಾನ.”

“ಕುಂದರಾಕ ಹೇಳ್ರಿ. ಭಾಷಣಾ ಮಾಡಿದಾಂವ ಮುಂದಿನ ವಾರ ವಿಮಾನ ಹತ್ತತಾನ. ಆಕಿ ಹಳ್ಳದಾಚೇನ ಇರತಾಳ.”

ಬದಲಿಗೆ ಅವನಿಗೆ ಎರಡು ಮಾತು ಕಲಿಸಿದಳು: ‘ತಪ್ಪಾತ್ರಿ. ನಾಳೆ ಬರ್ರಿ.’ ಹತ್ತು ಸಲ ಹೇಳಿಸಿ, ನಾಲಗೆ ಸ್ವಲ್ಪ ತಿರುಗಿದ ಮೇಲೆ, ಮನೆಮನೆಗೆ ಕರೆದುಕೊಂಡು ಹೊರಟಳು. ಪರದೇಶದ ವಿದ್ಯಾರ್ಥಿಗೆ ಇದು ಅವಮಾನವಾಗುತ್ತದೆ ಎಂದ ಕುಬೇರಪ್ಪ.

“ಆಗಲಿ. ಅದೂ ಅನುಭವಾನ ಅಲ್ಲೇನ್ರಿ?”

ಕಸ್ತೂರೆವ್ವನ ಮನೆಯ ಪಡಸಾಲೆಯಲ್ಲಿ ಯಾನ್ ಕೈ ಮುಗಿದು “ತಪ್ಪಾಟ್ರಿ” ಎಂದ. ಮನೆಯ ಸೊಸೆಯಂದಿರು ಬಿದ್ದು ಬಿದ್ದು ನಕ್ಕರು. ಕಸ್ತೂರೆವ್ವ ಕರಗಿಯೇ ಹೋದಳು. “ಪರದೇಶಿ ಕೂಸು, ಅದಕ್ಕೇನ ತಿಳಿತೈತಿ? ಬಾರಪಾ, ಕುಂದರು,” ಎಂದು ಕಂಬಳಿ ಹಾಸಿ, ಒಗ್ಗರಣೆ ಹಾಕಿದ ಚುರುಮುರಿ ಕೊಟ್ಟಳು, ಬೆನ್ನು ಸವರಿದಳು. ಅವನ ತಲೆಯ ಮೇಲೆ ಕೈಯಿಟ್ಟುಕೊಂಡೇ ಮೆಹರುನಬಿಗೆ ಹೇಳಿದಳು:

“ಆದ್ರ ಆ ಮಲ್ಲಕ್ಕ ಇದ್ರ ನಾವು ಬರೂದಿಲ್ಲ ನೋಡಬೇ.”

ಡ್ರಮ್ಮು ತಂದವನಿಗೆ ಚುರುಮುರಿ. ಹೇಳಿದ ಕೆಲಸ ಮಾಡಿದವಳಿಗೆ ಶಿಕ್ಷೆ. ಮೆಹರುನಬಿ ವ್ಯವಹಾರಕ್ಕಿಳಿದಳು. ಏಳು ಮಂದಿಯ ಕೈ ಕಡಿಮೆಯಾದರೆ ಲಾರಿ ತುಂಬುವುದಿಲ್ಲ, ಸಾವಕಾರರು ಕುಂದಗೋಳದಿಂದ ಬೇರೆ ಹೆಂಗಸರನ್ನು ಕರೆಸುತ್ತಾರೆ, ಒಮ್ಮೆ ಬಂದವರು ಜಾಗ ಬಿಡುವುದಿಲ್ಲ, ಆಮೇಲೆ ಕಸ್ತೂರೆವ್ವನ ಮೂವರು ಸೊಸೆಯಂದಿರೂ ಮನೆಯಲ್ಲೇ ಕೂತು ಒಬ್ಬರ ಜುಟ್ಟು ಒಬ್ಬರು ಹಿಡಿಯಬೇಕಾಗುತ್ತದೆ. ಹಳ್ಳದಾಚೆಯವರನ್ನು ಹತ್ತಿ ಬಿಡಿಸಲು ಕರೆಯುವುದಿಲ್ಲ ಎನ್ನುವ ಮಗ, ಹತ್ತಿಯನ್ನು ತಾನೇ ಬಿಡಿಸಬೇಕಾಗುತ್ತದೆ. ಅರ್ಧ ತಾಸಿನಲ್ಲಿ ಕಸ್ತೂರೆವ್ವ ದಾರಿಗೆ ಬಂದಳು. ಮೂರು ಹರವಿ ಮೊದಲಿನಂತೆ ಇಟ್ಟರೆ ಎಲ್ಲರೂ ಬರುತ್ತಾರೆ, ಮಲ್ಲಕ್ಕ ಬರಬಾರದೆಂಬ ಮಾತು ಬಿಡುತ್ತೇವೆ ಎಂದಳು. ಮುಸಲರ ಓಣಿಯಲ್ಲಿ ಇಷ್ಟು ಹೊತ್ತೂ ಬೇಕಾಗಲಿಲ್ಲ. ರಹೀಮಾಬಿ ಎಂಬವಳು “ಅವರು ಎದ್ರಂತ ನಾವೂ ಎದ್ವಿ,” ಎಂದು ನಕ್ಕಳು.

ಹಳ್ಳ ದಾಟುವಾಗ ಮೆಹರುನಬಿಯ ನಡಿಗೆಯಲ್ಲಿ ಗತ್ತು ಇತ್ತು. ಒಂಬತ್ತು ಜನ ಪುಸ್ತಕದವರು ಕೆಡಿಸಿದ್ದನ್ನು ಅಕ್ಷರ ಬಾರದವಳು ಒಂದು ಮುಂಜಾನೆಯಲ್ಲಿ ಕೂಡಿಸಿದ್ದಳು.

ಮಲ್ಲಕ್ಕ ಜಗಲಿಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಯಾನ್ ಕೈ ಮುಗಿದು ತನ್ನ ಎರಡು ಮಾತು ಹೇಳಿದ. ಮಲ್ಲಕ್ಕ ಮೊರ ಕೆಳಗಿಟ್ಟಳು.

“ತಪ್ಪು ಯಾರದಂತ?”

ಅವನಿಗೆ ಅರ್ಥವಾಗಲಿಲ್ಲ. ತಿರುಗಿಸಿ ಹೇಳಬೇಕಾದವನು ಇಪ್ಪತ್ತು ಹೆಜ್ಜೆ ದೂರ, ಬೇವಿನ ಗಿಡದ ನೆರಳಲ್ಲಿ ಬೂಟು ನೋಡಿಕೊಂಡು ನಿಂತಿದ್ದ. ತಂಬೂರಿನ ದೊಡ್ಡ ಮನೆತನದ ಮಗ, ಎರಡು ಖಂಡ ದಾಟಿ ಓದಿ ಬಂದವನು, ಆ ಇಪ್ಪತ್ತು ಹೆಜ್ಜೆ ದಾಟಲಾರದೆ ನಿಂತಿದ್ದ.

“ಆ ಸಾಹೇಬ್ರು ಯಾಕ ಅಲ್ಲೇ ನಿಂತ್ರು?” ಎಂದಳು ಮಲ್ಲಕ್ಕ.

ಯಾನ್ ಬಾಯಾರಿದೆ ಎಂದು ಕೈಸನ್ನೆ ಮಾಡಿದ. ನಿಜವಾಗಿ ಬಾಯಾರಿತ್ತೋ, ತೋರಿಸಲೆಂದು ಕೇಳಿದನೋ, ದೇವರಿಗೇ ಗೊತ್ತು. ಮಲ್ಲಕ್ಕ ಒಳಗೆ ಹೋಗಿ ತಂಬಿಗೆ ತಂದಳು. ಅವನು ಗಟಗಟ ಕುಡಿದು ಸುತ್ತಲಿನವರ ಕಡೆ ನೋಡಿದ, ಏನೋ ಗೆದ್ದವನಂತೆ.

“ಇಂವ ಕುಡಿತಾನವಾ. ಇಂವಗೇನು, ಊರು ಬಿಟ್ಟು ಹೋಗಾಂವ. ಇಲ್ಲಿರಾಕಿ ನಾನು,” ಎಂದಳು ಮಲ್ಲಕ್ಕ. ಆಮೇಲೆ ಅದೇ ಸಣ್ಣ ದನಿಯಲ್ಲಿ: “ಮೆಹರುನಕ್ಕಾ, ಹನ್ನೊಂದು ವರ್ಷ ಆತು. ಮೂರು ಹರವಿ ಇಟ್ಟಾಕಿ ನೀನ. ನನ್ನ ಹರವ್ಯಾಗಿಂದು ಒಂದರ ಗುಟುಕು ಕುಡದಿಯೇನ?”

ಮೆಹರುನಬಿ ಮಲ್ಲಕ್ಕನ ಕೈಯಲ್ಲಿದ್ದ ತಂಬಿಗೆ ನೋಡಿದಳು.

“ಘಾಟಿನ್ಯಾಗ ಕುಂದರಸಾಕಿನೂ ನೀನ. ನಾನು ಎಲ್ಲಾರಿಗಿಂತಾ ಛಲೋ ಕೆಲಸ ಮಾಡತೇನಂತ ಸಾವಕಾರ್ರ ಮುಂದ ಹೇಳಾಕಿನೂ ನೀನ. ಕಸ್ತೂರೆವ್ವನ್ನ ಬಯ್ಯಾಕ ನಿನಗ ಬಾಯಿ ಐತಿ. ಹಿಂಗ ಕುಂದರ್ರಿ ಅಂತ ಆಕಿ ನಿನಗ ಹೇಳಿದ್ಲೇನ? ಹೇಳಲಿಲ್ಲ. ಆಕಿ ಕೇಳೂ ಮೊದಲ ನೀ ಕೊಟ್ಟಿ.”

ಅದು ನಿಜವಾಗಿತ್ತು. ಯಾರೂ ಕೇಳಿರಲಿಲ್ಲ. ಮುಕಾದಮ ಆದ ಮೊದಲ ದಿನವೇ, ಮುಸಲರವಳ ಮಾತು ಒಕ್ಕಲಗಿತ್ತಿಯರು ಕೇಳುತ್ತಾರೋ ಇಲ್ಲವೋ ಎಂಬ ಅಂಜಿಕೆಯಲ್ಲಿ, ಅವರ ಮನಸ್ಸಿಗೆ ಬರುವ ಮೊದಲೇ ಹರವಿ ಬೇರೆ ಮಾಡಿ ಒಳ್ಳೆಯವಳೆನಿಸಿಕೊಂಡಿದ್ದಳು. ದಡ್ಡತನಕ್ಕೆ ಜಾಗ ಮಾಡಿಕೊಟ್ಟೆ ಎಂದು ಇಷ್ಟು ವರ್ಷ ಹೇಳಿಕೊಂಡದ್ದು ಅಂಜಿಕೆಯ ಇನ್ನೊಂದು ಹೆಸರು. ಟಾಕಿಯ ಬಳಿ ನಿಂತು ಕನ್ನಡಕ ಒರೆಸಿದವನಿಗೂ ತನಗೂ ಏನು ಫರಕು? ಅವನು ಅನುಕೂಲ ಎಂದ, ತಾನು ಅನುಕೂಲ ಮಾಡಿದಳು.

ಮಲ್ಲಕ್ಕ ತಂಬಿಗೆ ಚಾಚಲೂ ಇಲ್ಲ, ಹಿಂದೆ ತೆಗೆದುಕೊಳ್ಳಲೂ ಇಲ್ಲ. ಬಿಸಿಲಲ್ಲಿ ನಾಲ್ಕು ಓಣಿ ಸುತ್ತಿ ಮೆಹರುನಬಿಯ ಗಂಟಲು ಒಣಗಿತ್ತು. ಆದರೆ ಈಗ ಕುಡಿದರೆ ಅದು ಆ ಹುಡುಗನ ಆಟದಂತೆಯೇ ಆಗುತ್ತದೆ ಎಂದು ಆಕೆಗನಿಸಿತು. ಹಾಗನಿಸಿದ್ದು ನಿಜವೋ, ಅದೂ ಒಂದು ನೆವವೋ ಎಂಬುದು ಆಕೆಗೆ ಸಾಯುವವರೆಗೂ ಗೊತ್ತಾಗಲಿಲ್ಲ.

“ಏನಾದ್ರ ಬರತೀ?” ಎಂದಷ್ಟೇ ಕೇಳಿದಳು.

“ಗಾಳಿ ಬರೂ ಕಡೆ ಕುಂದರತೇನಿ. ನೀರು ಎಲ್ಲಾರೂ ಕುಡಿಯೂದ ಕುಡಿತೇನಿ. ಇಲ್ಲಂದ್ರ ಬರೂದಿಲ್ಲ.”

ಮೆಹರುನಬಿ ಅಲ್ಲಿಂದ ಸೀದಾ ಈರಬಸಪ್ಪನ ಮನೆಗೆ ಹೋದಳು. ಕುಬೇರಪ್ಪ ದಾರಿಯುದ್ದಕ್ಕೂ, ಕಸ್ತೂರೆವ್ವ ಒಪ್ಪಿದ್ದಾಳಲ್ಲ, ಮೂರು ಹರವಿ ಇಟ್ಟು ಮುಗಿಸೋಣ, ಇದು ಅಗದಿ ಉತ್ತಮ ರಾಜಿ ಎಂದು ಹೇಳುತ್ತಲೇ ಬಂದ. ಆಕೆ ತಿರುಗಿಯೂ ನೋಡಲಿಲ್ಲ. ಸಾವಕಾರನಿಗೆ ಎರಡು ಮಾತು ಹೇಳಿದಳು. ಟಾಕಿಯಿಂದ ವಖಾರಿಯೊಳಗೆ ಪೈಪು ಎಳೆದು ಒಂದು ನಳ ಹಾಕಿಸಬೇಕು. ಕುಡಿಯುವವರು ಬೊಗಸೆ ಒಡ್ಡಿ ಕುಡಿಯಲಿ, ಹರವಿಯೂ ಬೇಡ ತಂಬಿಗೆಯೂ ಬೇಡ. ಇನ್ನೊಂದು, ಹಿಂಬಾಗಿಲು ತೆರೆಸಬೇಕು.

“ಯಾವ ಹಿಂಬಾಗಲಾ?”

ವಖಾರಿಗೆ ಹಿಂದೆ ಒಂದು ಬಾಗಿಲಿರುವುದು ಸಾವಕಾರನಿಗೇ ಮರೆತುಹೋಗಿತ್ತು. ಅದಕ್ಕೆ ಅಡ್ಡವಾಗಿ ಚೀಲ ಒಟ್ಟುತ್ತ ಬಂದು ಹದಿನೈದು ವರ್ಷವಾಗಿತ್ತು. ಲಾರಿಯ ಭಯಕ್ಕೆ ಈರಬಸಪ್ಪ ಎರಡಕ್ಕೂ ಹೂಂ ಎಂದ. ಬೊಗಸೆಯಲ್ಲಿ ಕುಡಿದರೆ ಯಾರ ಪಾತ್ರೆಯನ್ನೂ ಯಾರೂ ಮುಟ್ಟಿದಂತಾಗುವುದಿಲ್ಲವೆಂದು ಕಸ್ತೂರೆವ್ವನೂ ಒಪ್ಪಿದಳು. ಒಂಬತ್ತು ಪರದೇಶಿಗಳೂ ಸೇರಿ ಮರುದಿನ ಚೀಲ ಸರಿಸಿದರು. ಬೀಗಕ್ಕೆ ತುಕ್ಕು ಹಿಡಿದಿತ್ತು. ಮುದಕಪ್ಪ ಎಂಬ ಕಮ್ಮಾರ ಬಂದು ಸುತ್ತಿಗೆಯಿಂದ ಒಡೆದ. ಬಾಗಿಲು ತೆರೆದ ಕೂಡಲೆ ಇಡೀ ವಖಾರಿಯ ಘಾಟು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾದು ಹೊರಗೆ ಹೋಯಿತು. ಮೂವತ್ತು ವರ್ಷ ಕೆಮ್ಮಿದ ಕಸ್ತೂರೆವ್ವ ಕೂಡ ಮೂಗೆತ್ತಿ ಉಸಿರೆಳೆದಳು. ಇಷ್ಟು ಸಣ್ಣ ಕೆಲಸ, ಮೂಲೆಯಲ್ಲಿ ಕೂತವರ ಉಸಿರು ಯಾರದೂ ಉಸಿರಲ್ಲ ಎಂದುಕೊಂಡಿದ್ದರಿಂದ, ಯಾರ ತಲೆಗೂ ಹೊಳೆದಿರಲಿಲ್ಲ. ಮೆಹರುನಬಿಯ ತಲೆಗೂ.

ಕೆಲಸ ಮತ್ತೆ ಸುರುವಾಯಿತು, ಹಳ್ಳದಾಚೆಯ ಏಳು ಮಂದಿ ಹಿಂಬಾಗಿಲಿನಿಂದ ಒಳಗೆ ಬಂದು ಅಲ್ಲೇ ಗಾಳಿಗೆ ಕೂತರು. ನಳವೂ ಬಂತು. ಮೊದಲ ದಿನವೇ ಅದರ ಮುಂದೆ ಮೂರು ಸಾಲು ನಿಂತವು. ಒಂದು ಸಾಲು ಮುಗಿದ ಮೇಲೆ ಇನ್ನೊಂದು, ನಡುವೆ ಕಸ್ತೂರೆವ್ವ ನಳಕ್ಕೆ ಒಂದು ಬೊಗಸೆ ನೀರು ಎರಚಿ ತೊಳೆದಳು. ಹುಂ, ಎಂದುಕೊಂಡಳು ಮೆಹರುನಬಿ. ಹರವಿ ಒಡೆಯಬಹುದು, ಸಾಲು ಒಡೆಯಲು ಬರುವುದಿಲ್ಲ. ಆಮೇಲೆ ತಾನು ಹೋಗಿ ಮಲ್ಲಕ್ಕನ ಸಾಲಿನಲ್ಲಿ, ಎಲ್ಲರ ಹಿಂದೆ ನಿಂತಳು. ಯಾರೂ ಅದಕ್ಕೆ ಒಳ್ಳೆಯ ಮಾತು ಹೇಳಲಿಲ್ಲ. ಮಲ್ಲಕ್ಕ ತಿರುಗಿ ನೋಡಿ, “ಗಾಳಿ ಬಂತು, ಖರೆ. ಆದ್ರ ಬಾಗಲಾನೂ ಬ್ಯಾರೆ ಆತಲ್ಲಬೇ,” ಎಂದಳು.

ಕೊನೆಯ ದಿನ ಕುಬೇರಪ್ಪ ಮತ್ತೆ ಕರಿಹಲಗೆ ನಿಲ್ಲಿಸಿದ. ಎರಡು ಸುತ್ತು, ನಡುವೆ ಒಂದು ಬಾಣ ಬರೆದು, ತನ್ನ ಮಾರ್ಗದರ್ಶನದಲ್ಲಿ ಜಗಳ ಹೇಗೆ ಬಗೆಹರಿಯಿತೆಂದು ವಿವರಿಸಿದ. ಆಮೇಲೆ ಮೆಹರುನಬಿಗೆ ನಾಲ್ಕು ಮಾತು ಹೇಳಲು ಹೇಳಿದ.

“ಈ ಸಾಹೇಬ್ರು ಹೇಳಿದ್ದನ್ನ ನಂಬಬ್ಯಾಡ್ರಿ,” ಎಂದಳು ಆಕೆ. “ನಾನು ಹೇಳಿದ್ದನ್ನೂ ನಂಬಬ್ಯಾಡ್ರಿ. ಎಲ್ಲಿ ಹೋದ್ರೂ ಮೂಲ್ಯಾಗ ಕುಂತಾಕಿನ್ನ ಕೇಳ್ರಿ.”

ಕುಬೇರಪ್ಪ ಅದನ್ನು ಐದು ನಿಮಿಷ ತಿರುಗಿಸಿ ಹೇಳಿದ. ಅಷ್ಟು ಹೊತ್ತು ಹೇಳುವಂಥದ್ದು ಏನಿತ್ತೋ. ನಡುವೆ ಯಾನ್ ಎದ್ದು ನಿಂತ. ಮೂರು ವಾರದಲ್ಲಿ ಕಿವಿಗೆ ಬಿದ್ದ ಕನ್ನಡವನ್ನೆಲ್ಲ ಕೂಡಿಸಿ ಪ್ರೊಫೆಸರರ ಕಡೆ ಬೆರಳು ಮಾಡಿ, “ಇಲ್ರಿ. ಹಂಗ ಹೇಳಲಿಲ್ರಿ,” ಎಂದ. ನಲವತ್ತು ಹೆಂಗಸರು ಹೋ ಎಂದರು. ಅಷ್ಟು ದಿನದ ಪಾಠದಲ್ಲಿ ಒಬ್ಬ ಏನಾದರೂ ಕಲಿತದ್ದನ್ನು ಮೆಹರುನಬಿ ಕಂಡದ್ದು ಅದೇ.

ಅವರು ಹೋದರು. ಕುಬೇರಪ್ಪ ಮುಂಬೈಯಿಂದ ಒಂದು ಕಾಗದ ಬರೆದು, ಬರುವ ವರ್ಷವೂ ಬರುವುದಾಗಿ ತಿಳಿಸಿದ. ಮಲ್ಲಕ್ಕನೇ ಕಲಿಸುವುದಾದರೆ, ಪ್ರೊಫೆಸರು ಮುಂಬೈಯಲ್ಲೇ ಇರುವುದಾದರೆ ಬರಲಿ ಎಂದು ಮೆಹರುನಬಿ ಹೇಳಿಕಳಿಸಿದಳು. ಅವರು ಬರಲಿಲ್ಲ.

೧೯೭೯ರ ಸುಗ್ಗಿಗೆ ಆಕೆಯ ಕಣ್ಣು ಮಂದವಾಯಿತು. ತನ್ನ ಜಾಗಕ್ಕೆ ಮಲ್ಲಕ್ಕನನ್ನು ಮಾಡಿರಿ ಎಂದು ಸಾವಕಾರನಿಗೆ ಹೇಳಿದಳು.

“ನನಗೇನೂ ಇಲ್ಲವಾ. ಮಂದಿ ಒಪ್ಪೂದಿಲ್ಲ,” ಎಂದ ಈರಬಸಪ್ಪ. “ಕಸ್ತೂರೆವ್ವನ ಹಿರೇಸೊಸೀನ್ನ ಮಾಡೂಣು.”

“ಮಂದಿನ್ನ ಕೇಳೀರೇನ್ರಿ?”

“ಕೇಳಬೇಕೇನ? ಗೊತ್ತ ಐತಲ್ಲ.”

ಆ ಮಾತು ಎಲ್ಲಿಂದ ಬರುತ್ತದೆಂದು ಮೆಹರುನಬಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಹಾಗಾದರೆ ನಾನು ಬಿಡುವುದಿಲ್ಲ ಎಂದಳು. ಬಿಡಲಿಲ್ಲ. ಅರೆಗಣ್ಣಿನಲ್ಲಿ ದಿನಾ ಹಿಂಬಾಗಿಲಿನಿಂದ ಒಳಗೆ ಬಂದು, ಮಣೆಯ ಮೇಲೆ ಕೂತು, ಕಾಯಿಯನ್ನು ಕಿವಿಗೆ ಹಿಡಿದು ಸಪ್ಪಳ ಕೇಳುತ್ತಿದ್ದಳು. ಉಳಿದದ್ದನ್ನೆಲ್ಲ, ಯಾರನ್ನು ಕರೆಯಬೇಕು, ಯಾವ ಕಾಯಿ ಯಾವ ಚೀಲಕ್ಕೆ, ಯಾರು ಸುಮ್ಮನೆ ಕೂತಿದ್ದಾರೆ ಎಂಬುದನ್ನೆಲ್ಲ, ಮಲ್ಲಕ್ಕ ಆಕೆಯ ಕಿವಿಯಲ್ಲಿ ಹೇಳುತ್ತಿದ್ದಳು. ಮೆಹರುನಬಿ ಅದನ್ನು ಗಟ್ಟಿಯಾಗಿ ಕೂಗುತ್ತಿದ್ದಳು. ಕಸ್ತೂರೆವ್ವ ಸಹಿತ ಎಲ್ಲರಿಗೂ ಅದು ಯಾರ ಮಾತೆಂದು ತಿಳಿದಿತ್ತು. ಎಲ್ಲರೂ ಕೇಳುತ್ತಿದ್ದರು, ಕೂಗುವವಳ ದನಿ ಬೇರೆಯಾಗಿದ್ದರಿಂದ.

“ಹೆಸರು ನಿಂದು, ಬುದ್ಧಿ ನಂದು,” ಎಂದಳು ಒಮ್ಮೆ ಮಲ್ಲಕ್ಕ. “ಇದೂ ಛಲೋ ಅಲ್ಲ ನೋಡಕ್ಕಾ.”

“ಛಲೋ ಅಂತ ಯಾವ ಮಗಾ ಹೇಳಿದ?” ಎಂದಳು ಮೆಹರುನಬಿ. “ಹೇಳು, ಮುಂದ ಯಾರನ್ನ ಬಯ್ಯಲಿ?”